ಎತ್ತಬಾರದ ಕರೆ

ಫೋನು ಇರುವುದು ಮಾತಾಡುವುದಕ್ಕೆ ಎಂದು ಗಟ್ಟಿಯಾಗಿ ನಂಬಿದವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬ ಅದನ್ನು ಕಂಡುಹಿಡಿದ ಪುಣ್ಯಾತ್ಮ, ಇನ್ನೊಬ್ಬರು ಹುಬ್ಬಳ್ಳಿಯ ಇನಾಮದಾರ ಸಾಹೇಬರು. ಉಳಿದ ನಾವೆಲ್ಲ ಅದನ್ನು ಮಾತಾಡದೆ ಇರುವುದಕ್ಕೂ ಚೆನ್ನಾಗಿಯೇ ಬಳಸಿಕೊಂಡಿದ್ದೇವೆ. ಒಂದು ಸಲ ಬಾರಿಸಿ ಕಟ್ ಮಾಡಿದರೆ 'ಬಾಗಿಲಲ್ಲಿದ್ದೇನೆ, ಇಳಿದು ಬಾ' ಎಂದರ್ಥ. ಎರಡು ಸಲ ಬಾರಿಸಿದರೆ 'ನಳದಲ್ಲಿ ನೀರು ಬಂತು, ಕೊಡ ತೊಳೆದಿಡು.' ಇದನ್ನು ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಆದರೂ ಒಂದು ನಿಯಮ ಮಾತ್ರ ಎಲ್ಲರಿಗೂ ಗೊತ್ತು. ಮಿಸ್ ಕಾಲ್ ಬಂದರೆ ಎತ್ತಬಾರದು. ಎತ್ತುವವನು ಮಂದಬುದ್ಧಿಯವನು, ಇಲ್ಲವೇ ಬೇಕೆಂದೇ ಕಾಡುವವನು.

ಇನಾಮದಾರರು 'ದನಿಜಾಲ' ಎಂಬ ಮೊಬೈಲ್ ಕಂಪನಿಯ ಹುಬ್ಬಳ್ಳಿ ಕಂಟ್ರೋಲ್ ರೂಮಿನ ಮುಖ್ಯಸ್ಥರು. ಆ ಕೋಣೆಯ ಗೋಡೆಯ ತುಂಬ ಒಂದು ಪರದೆ. ಉತ್ತರ ಕರ್ನಾಟಕದ ಟವರುಗಳೆಲ್ಲ ಅದರ ಮೇಲೆ ಹಸಿರು ಚುಕ್ಕಿಗಳಾಗಿ ಕೂತಿರುತ್ತಿದ್ದವು. ಸಂಜೆಯಾಯಿತೆಂದರೆ ಚುಕ್ಕಿಗಳು ಒಂದೊಂದಾಗಿ ಕೆಂಪಾಗುತ್ತಿದ್ದವು, ಸಾಹೇಬರ ಮುಖವೂ ಕೆಂಪಾಗುತ್ತಿತ್ತು. ಟವರುಗಳು ಏದುಸಿರು ಬಿಡುತ್ತಿದ್ದುದು ಮಾತಿನ ಭಾರಕ್ಕಲ್ಲ, ಯಾರೂ ಎತ್ತದ ಕರೆಗಳ ಭಾರಕ್ಕೆ. ಕರೆ ಪೂರ್ತಿ ಬಿಟ್ಟಿಯಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಜನ ಬಾರಿಸಿ ಕಟ್ ಮಾಡುವುದನ್ನು ಬಿಟ್ಟಿರಲಿಲ್ಲ.

"ಮಾತಾಡೂದು ಫುಕಟ್ ಮಾಡಿ ಕೊಟ್ಟೇವಿ. ಆದ್ರೂ ಈ ಮಂದಿ ಮಾತಾಡೂದಿಲ್ಲ. ಇವರಿಗೆ ಬೇಕಾಗೇದರ ಏನು?" ಎಂದು ಅವರು ಸಭೆಯಲ್ಲಿ ಕೇಳಿದರು. ಅದು ಸಿಟ್ಟಿನ ಪ್ರಶ್ನೆಯಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಮಿಸ್ ಕಾಲ್ ಎಂದರೆ ನಮಗೆ ಪುಕ್ಕಟೆ, ಜಾಲಕ್ಕೆ ಅಲ್ಲ. ಒಂದು ಫೋನು ಬಾರಿಸಬೇಕಾದರೆ ಅದು ಎಲ್ಲಿದೆಯೆಂದು ಮೊದಲು ಹುಡುಕಬೇಕು. ಆ ಭಾಗದ ಟವರುಗಳೆಲ್ಲ ಏಕಕಾಲಕ್ಕೆ ಅದರ ಹೆಸರು ಹಿಡಿದು ಕೂಗಬೇಕು. ಅದು 'ಇಲ್ಲಿದ್ದೇನೆ' ಎನ್ನಬೇಕು. ಇಬ್ಬರ ನಡುವೆ ಒಂದು ದಾರಿ ತೆರವು ಮಾಡಿಡಬೇಕು. ಇಷ್ಟೆಲ್ಲ ಆಗಿ ಮಾತು ಶುರುವಾಗಬೇಕು ಎನ್ನುವಷ್ಟರಲ್ಲಿ ಕಟ್. ಎಲೆ ಹಾಕಿ, ಎಲ್ಲ ಬಡಿಸಿದ ಮೇಲೆ ಬೀಗರು ಕೈ ತೊಳೆದು ಎದ್ದು ಹೋದ ಹಾಗೆ.

ಆ ಸಭೆಯಲ್ಲಿ ಪ್ರಭಾವತಿ ನೂಲ್ವಿಯೂ ಇದ್ದಳು. ಕಂಪನಿಯಲ್ಲಿ ಜಾಲದ ಲೆಕ್ಕಾಚಾರ ಬಲ್ಲ ಇಂಜಿನಿಯರು, ಮನೆಯಲ್ಲಿ ಲಾರಿ ಓಡಿಸುವವರ ಮನೆಯ ಹಿರಿ ಸೊಸೆ. ಜನರಿಗೆ ಏನು ಬೇಕಾಗಿದೆ ಎಂಬ ಪ್ರಶ್ನೆಗೆ ಅವಳಲ್ಲಿ ಉತ್ತರವಿತ್ತು. ಆದರೆ ಸಾಹೇಬರಿಗೆ ಬೇಕಾಗಿದ್ದದ್ದು ಉಪಾಯ. ಅದನ್ನೂ ಅವಳೇ ಕೊಟ್ಟಳು.

ಉಪಾಯದ ಮೂಲ ತತ್ವ ಸರಳ. ಮೊದಲೇ ಗೊತ್ತಿರುವುದನ್ನು ಕಳಿಸಬೇಕಾಗಿಲ್ಲ. ಅನಿರೀಕ್ಷಿತವಾದುದನ್ನು ಮಾತ್ರ ಕಳಿಸಿದರೆ ಸಾಕು. ಒಬ್ಬ ಮನುಷ್ಯ ದಿನಾ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಅದೇ ಮನೆಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾನೆಂದರೆ ಜಾಲ ಅದನ್ನು ಕಲಿತುಕೊಳ್ಳಬಹುದು. ಕಲಿತ ಮೇಲೆ ಕರೆಯನ್ನು ಹೊತ್ತು ತರುವ ಗೊಡವೆ ಯಾಕೆ? ಆ ಹೊತ್ತಿಗೆ ಮನೆಯ ಫೋನು ತನ್ನಷ್ಟಕ್ಕೆ ತಾನೇ ಬಾರಿಸಿಕೊಂಡರಾಯಿತು. ಅವನು ಅತ್ತ ಕಡೆ ಬಾರಿಸಿದಾಗ ಅವನ ಫೋನು ಅದನ್ನು ಅಲ್ಲೇ ನುಂಗಿಕೊಳ್ಳುತ್ತದೆ. ಯಾವತ್ತಾದರೂ ಅವನು ಬಾರಿಸದಿದ್ದರೆ ಆವತ್ತು ಮಾತ್ರ ಅವನ ಫೋನು 'ಇಂದು ಇಲ್ಲ' ಎಂಬ ಪುಟ್ಟ ಸಂದೇಶ ಕಳಿಸುತ್ತದೆ, ಇತ್ತ ರಿಂಗ್ ರದ್ದಾಗುತ್ತದೆ. ಮುಂಚಿತವಾಗಿಯೇ ಬರುವ ಕರೆಯಾದ್ದರಿಂದ ಇದಕ್ಕೆ 'ಮುಂಗರೆ' ಎಂದು ಹೆಸರಿಟ್ಟರು. ಸುಮ್ಮನೆ ಜೇಬಿನಲ್ಲಿ ಕೂತ ಫೋನುಗಳು ದಾರಿಯುದ್ದಕ್ಕೂ ಟವರುಗಳಿಗೆ ಹಾಜರಿ ಹಾಕುವುದನ್ನೂ ಜೊತೆಯಲ್ಲೇ ಕಡಿಮೆ ಮಾಡಿದರು.

ಸಂಜೆಯ ಪರದೆ ಹಸಿರಾಗಿಯೇ ಉಳಿಯಿತು. ಅಷ್ಟೇ ಅಲ್ಲ, ಸಿಗ್ನಲ್ ಇಲ್ಲದ ಹಳ್ಳಿ, ಕಾಡು, ಕಣಿವೆಗಳಲ್ಲೂ ರಿಂಗ್ ಬರುತ್ತಿದೆ ಎಂದು ಜನ ಹೊಗಳಿದರು. ದೂರುಗಳು ನಿಂತೇ ಹೋದವು. ಇನಾಮದಾರರು ಇದನ್ನು ಗುಣಮಟ್ಟ ಎಂದು ಕರೆದು ಮೇಲಿನವರಿಗೆ ವರದಿ ಕಳಿಸಿದರು. ಮುಂಗರೆಯಲ್ಲಿ ತಪ್ಪಿದ್ದರೆ ಯಾರಾದರೂ ಹಿಡಿಯಬೇಕಿತ್ತಲ್ಲ? ಹಿಡಿಯಬೇಕಾದರೆ ಫೋನು ಎತ್ತಿ ಆ ಕಡೆ ಯಾರಿದ್ದಾರೆಂದು ಕೇಳಬೇಕು. ಮಿಸ್ ಕಾಲನ್ನು ಎತ್ತುವ ಪದ್ಧತಿಯೇ ನಮ್ಮಲ್ಲಿಲ್ಲ.

ನೂಲ್ವಿಯವರ ಮನೆಯಲ್ಲಿ ಈ ನಿಯಮವನ್ನು ವ್ರತದಂತೆ ಪಾಲಿಸುತ್ತಿದ್ದವಳು ಪ್ರಭಾವತಿಯ ಅತ್ತೆ ನೀಲವ್ವ. ಅವಳ ಗಂಡ ಇರುವಷ್ಟು ಕಾಲ ಲಾರಿ ಓಡಿಸಿದವನು. ಹಿರಿ ಮಗ ಗುರುಪಾದ ಲಾರಿಯ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು ನೆಲದ ಮೇಲೆ ನಿಂತ. ಕಿರಿಯವನು ಅಡಿವೆಪ್ಪ ಮಾತ್ರ ಅಪ್ಪನ ಸ್ಟೇರಿಂಗ್ ಹಿಡಿದ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಸಿಮೆಂಟು ಸಾಗಿಸುವುದು ಅವನ ಕೆಲಸ. ನಡುವೆ ಯಲ್ಲಾಪುರ ದಾಟಿದ ಮೇಲೆ ಅರಬೈಲ ಘಟ್ಟ. ಅಲ್ಲಿ ತಿರುವಿಗೊಂದು ತಿರುವು, ಪಕ್ಕದಲ್ಲಿ ಕಣಿವೆ, ಸಿಗ್ನಲ್ಲಿನ ಸುಳಿವಿಲ್ಲ.

ಗಾಡಿ ಓಡಿಸುವವನ ಜೊತೆ ಫೋನಿನಲ್ಲಿ ಮಾತಾಡಬಾರದು ಎಂಬುದು ಆ ಓಣಿಯ ಡ್ರೈವರ್ ಮನೆಗಳಲ್ಲೆಲ್ಲ ಇದ್ದ ಕಟ್ಟಳೆ. ಮಾತು ಶುರುವಾದರೆ ಕೈ ಸ್ಟೇರಿಂಗ್ ಬಿಡುತ್ತದೆ, ಗಮನ ರಸ್ತೆ ಬಿಡುತ್ತದೆ. ಹಾಗಾಗಿ ಎಲ್ಲವೂ ರಿಂಗಿನಲ್ಲೇ. ಮಧ್ಯಾಹ್ನ ಘಟ್ಟ ಇಳಿದು ಮುಗಿಸಿದ ಕೂಡಲೇ ಅಡಿವೆಪ್ಪನಿಂದ ಒಂದು ರಿಂಗ್. ಅಲ್ಲಿಯವರೆಗೆ ನೀಲವ್ವ ತುತ್ತು ಮುಟ್ಟುತ್ತಿರಲಿಲ್ಲ. ರೊಟ್ಟಿ ಬಡಿದು, ಪಲ್ಯ ಮಾಡಿ, ತಾಟು ಮುಂದಿಟ್ಟುಕೊಂಡು ಕೂತಿರುತ್ತಿದ್ದಳು. ರಿಂಗ್ ಬಂದ ಮೇಲೆ ಉಂಡು, ಕೈ ತೊಳೆದು ಅವಳೂ ತಿರುಗಿ ಒಂದು ರಿಂಗ್ ಕೊಡುತ್ತಿದ್ದಳು. 'ಉಂಡೆ' ಎಂದು ಅದರ ಅರ್ಥ. ಕಾರವಾರದಲ್ಲಿ ಮಾಲು ಇಳಿಸಿದ ಮೇಲೆ ಅವನಿಂದ ಎರಡು ರಿಂಗ್. ಮರಳಿ ಘಟ್ಟ ಹತ್ತಿದ ಮೇಲೆ ಮತ್ತೆ ಒಂದು. ಮುಂಗರೆ ಬಂದ ಮೇಲೆ ಈ ರಿಂಗುಗಳೆಲ್ಲ ಇನ್ನೂ ಶಿಸ್ತಾಗಿ ಬರತೊಡಗಿದವು. ಮಗನಿಗೆ ಈಗ ಬುದ್ಧಿ ಬಂತು, ಹೊತ್ತಿಗೆ ಸರಿಯಾಗಿ ಬಾರಿಸುತ್ತಾನೆ ಎಂದು ನೀಲವ್ವ ಸಂತೋಷಪಟ್ಟಳು. ಪ್ರಭಾವತಿ ಏನೂ ಹೇಳಲಿಲ್ಲ. ಹೊಸ ಸೌಲಭ್ಯಕ್ಕೆ ಅತ್ತೆಯ ಫೋನಿನಲ್ಲೂ ಮೈದುನನ ಫೋನಿನಲ್ಲೂ 'ಒಪ್ಪಿದೆ' ಎಂದು ಒತ್ತಿದ್ದು ಅವಳದೇ ಬೆರಳು. ಒಳ್ಳೆಯದೇ ಆಗಿರುವಾಗ ಅದನ್ನೆಲ್ಲ ಬಿಡಿಸಿ ಹೇಳಿ ಮುದುಕಿಯ ತಲೆ ಕೆಡಿಸುವುದೇಕೆ ಎಂದುಕೊಂಡಿದ್ದಳು.

ಆ ಗುರುವಾರ ಪ್ರಭಾವತಿ ಅರ್ಧ ದಿನ ರಜೆ ಹಾಕಿದ್ದಳು. ಅಡಿವೆಪ್ಪನಿಗೆ ಹೆಣ್ಣು ಕೊಡುವ ವಿಚಾರಕ್ಕೆ ನವಲಗುಂದದಿಂದ ಹುಡುಗಿಯ ತಂದೆ, ಸೋದರಮಾವ ಬಂದಿದ್ದರು. ಹುಡುಗ ಡ್ಯೂಟಿ ಮೇಲೆ ಹೋಗಿದ್ದಾನೆ ಎಂದು ಹೇಳಿ ಗುರುಪಾದ ಅವರನ್ನು ಕೂರಿಸಿಕೊಂಡ. ಊಟದ ಹೊತ್ತಿಗೆ ಸರಿಯಾಗಿ ಒಂದು ರಿಂಗ್ ಬಂತು. ನೀಲವ್ವ ಫೋನನ್ನು ಕಣ್ಣಿಗೊತ್ತಿಕೊಂಡು, ಘಟ್ಟ ಇಳಿದ ಎಂದು ಎಲ್ಲರಿಗೂ ಸಾರಿ, ಬೀಗರಾಗಬೇಕಾದವರ ಜೊತೆಯಲ್ಲೇ ಉಂಡಳು. ಉಂಡು ತನ್ನ ಪಾಲಿನ ಒಂದು ರಿಂಗನ್ನೂ ಕೊಟ್ಟಳು.

ಮಾತುಕತೆ ಚೆನ್ನಾಗಿಯೇ ನಡೆಯಿತು. ಚಹಾ ಆಯಿತು. ರವಿವಾರ ಹುಡುಗಿಯನ್ನು ನೋಡಲು ಬರಬಹುದೇ ಎಂಬಲ್ಲಿಗೆ ಬಂದು ನಿಂತಿತು. ಸೋದರಮಾವನಿಗೆ ಹುಡುಗನ ಬಾಯಿಂದಲೇ ಕೇಳಬೇಕು. ಈಗಲೇ ಫೋನು ಹಚ್ಚಿರಿ ಎಂದು ಒಂದೇ ಹಟ. ಓಡಿಸುವವನಿಗೆ ಫೋನು ಹಚ್ಚುವ ಪದ್ಧತಿ ಇಲ್ಲವೆಂದು ಗುರುಪಾದ ಎಷ್ಟು ಹೇಳಿದರೂ ಆತನಿಗೆ ಅದು ನೆವ ಅನಿಸಿತು. ಅಷ್ಟರಲ್ಲಿ ನೀಲವ್ವನ ಫೋನು ಮತ್ತೆ ಬಾರಿಸಿಕೊಳ್ಳತೊಡಗಿತು, ಈ ಸಲ ಎರಡನೇ ರಿಂಗೂ ಆಯಿತು. ಮಾಲು ಇಳಿಸಿದ್ದಾನೆ, ಗಾಡಿ ನಿಂತಿದೆ, ಈಗ ಮಾತಾಡಿದರೆ ದೋಷವಿಲ್ಲ. ಒಳ್ಳೆಯ ಸಂಬಂಧ ಕೈಬಿಟ್ಟು ಹೋದೀತೆಂಬ ಅಂಜಿಕೆಯಲ್ಲಿ ನೀಲವ್ವ ಜೀವಮಾನದಲ್ಲಿ ಮೊದಲ ಬಾರಿಗೆ ಮಗನ ರಿಂಗನ್ನು ಎತ್ತಿದಳು.

ಎತ್ತಿ 'ಅಡಿವಿ' ಅಂದಳು. ಮತ್ತೊಮ್ಮೆ ಅಂದಳು. ಫೋನನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಹಚ್ಚಿಕೊಂಡಳು. ಆ ಕಡೆ ಏನೂ ಇರಲಿಲ್ಲ. ಲಾರಿಯ ಸದ್ದಿಲ್ಲ, ಹಮಾಲರ ಗದ್ದಲವಿಲ್ಲ, ಉಸಿರೂ ಇಲ್ಲ.

"ಪ್ರಭಾ," ಎಂದು ಅವಳು ಸೊಸೆಯ ಕಡೆ ಫೋನು ಚಾಚಿದಳು. "ಇದರಾಗ ಯಾರೂ ಇಲ್ಲ. ಯಾರೂ ಇಲ್ದ ಹ್ಯಾಂಗ ಬಾರಿಸ್ತು ಇದು?"

ಈ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಆ ಕೋಣೆಯಲ್ಲಿ ಒಬ್ಬಳೇ. ಆದರೂ ಅದರಲ್ಲಿ ಅಪಾಯವಿದೆ ಎಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಮುಂಗರೆಯನ್ನು ಎತ್ತಿದರೆ ಆ ಕಡೆ ಯಾರೂ ಇರುವುದಿಲ್ಲ, ಸರಿ. ಹಾಗೆಂದು ಅಡಿವೆಪ್ಪ ಬಾರಿಸಿಲ್ಲ ಎಂದೇನೂ ಅಲ್ಲ. ಅವನು ಬಾರಿಸಿದ್ದನ್ನು ಅವನ ಫೋನು ನುಂಗಿಕೊಂಡಿರಬಹುದು. ಅವಳು ಅವನಿಗೆ ತಿರುಗಿ ಕರೆ ಮಾಡಿದಳು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಂದು ಹೆಣ್ಣು ದನಿ ಹೇಳಿತು. ಕಾರವಾರದ ಗೋದಾಮಿನ ಪಕ್ಕದಲ್ಲೇ ಟವರ್ ಇದೆ. ಅಲ್ಲಿ ವ್ಯಾಪ್ತಿಯ ಹೊರಗಿರಲು ಸಾಧ್ಯವಿಲ್ಲ. ಗುರುಪಾದ ಗೋದಾಮಿಗೇ ಫೋನು ಹಚ್ಚಿದ. ನಿಮ್ಮ ಗಾಡಿ ಇನ್ನೂ ಬಂದೇ ಇಲ್ಲವಲ್ಲ ಎಂದರು ಅವರು.

ಬಂದವರು ಮುಖ ಮುಖ ನೋಡಿಕೊಂಡು, ಹುಡುಗ ಎಲ್ಲೋ ತಿರುಗಾಡಿಕೊಂಡಿದ್ದಾನೆ ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ ಎದ್ದು ಹೋದರು. ಗುರುಪಾದ ಅವ್ವನನ್ನೂ ಕರೆದುಕೊಂಡು ಪೊಲೀಸ್ ಠಾಣೆಗೆ ಓಡಿದ. ಅಲ್ಲಿನವರು ನೀಲವ್ವನ ಫೋನು ಇಸಿದುಕೊಂಡು ನೋಡಿದರು. ಅಡಿವೆಪ್ಪನ ಹೆಸರಿನಲ್ಲಿ ಎರಡು ಕರೆ ಕಾಣಿಸಿದವು, ಒಂದು ಈಗಷ್ಟೇ ಬಂದದ್ದು. ಈಗಷ್ಟೇ ಫೋನು ಮಾಡಿದ ಮನುಷ್ಯ ಕಾಣೆಯಾಗಿದ್ದಾನೆಂದು ಹೇಗೆ ಬರೆದುಕೊಳ್ಳುವುದು ಎಂದು ಅವರು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಗುರುಪಾದನಿಗೂ ಹೌದಲ್ಲ ಅನಿಸಿಬಿಟ್ಟಿತು. ತಮ್ಮ ಸತ್ತಿದ್ದಾನೋ ಬದುಕಿದ್ದಾನೋ ಎಂಬ ಭಯ ಒಂದು ಕಡೆ, ಸುಮ್ಮನೆ ರಾದ್ಧಾಂತ ಮಾಡುತ್ತಿದ್ದೇವೆಯೋ ಎಂಬ ನಾಚಿಕೆ ಇನ್ನೊಂದು ಕಡೆ.

ಪ್ರಭಾವತಿ ಆಟೋ ಹಿಡಿದು ಕಂಟ್ರೋಲ್ ರೂಮಿಗೆ ಹೋದಳು. ಪಾಳಿಯಲ್ಲಿ ರಫೀಕ ಎಂಬ ಜೊತೆಗಾರನಿದ್ದ. ಮೈದುನನ ನಂಬರ್ ಕೊಟ್ಟು, ಇವತ್ತು ಇದರಿಂದ ಎಷ್ಟು ಕರೆ ಹೋಗಿವೆ ನೋಡು ಎಂದಳು. ರಫೀಕ ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಒಂದೂ ಇಲ್ರಿ ಮೇಡಂ. ಮುಂಜಾನೆ ಯಲ್ಲಾಪುರದಾಚೆ ಟವರಿಗೆ ಕಂಡಾನ. ಆಮ್ಯಾಲೆ ಎಲ್ಲೂ ಇಲ್ಲ. ಆದ್ರ ಮುಂಗರಿ ಎರಡು ಆಗ್ಯಾವ."

"'ಇಂದು ಇಲ್ಲ' ಅನ್ನೂದು ಬಂದಿಲ್ಲ?"

"ಬಂದಿಲ್ಲ. ಸಿಗ್ನಲ್ ಇದ್ರ ಬರ್ತಿತ್ತಲ್ರಿ ಅದು."

ರಫೀಕ ಸಹಜವಾಗಿ ಹೇಳಿದ ಆ ಮಾತು ಪ್ರಭಾವತಿಯ ಕಾಲ ಕೆಳಗಿನ ನೆಲವನ್ನೇ ಎಳೆಯಿತು. ಆಪತ್ತಿನಲ್ಲಿರುವವನು ತನ್ನ ಆಪತ್ತನ್ನು ಹೇಳಬೇಕಾದರೆ ಸಿಗ್ನಲ್ ಬೇಕು. ಇಲ್ಲದಿದ್ದರೆ ಅವನ ಮೌನವನ್ನು ಜಾಲ ಕ್ಷೇಮ ಎಂದೇ ಓದಿಕೊಳ್ಳುತ್ತದೆ. ಹೊತ್ತು ಮೀರಿ ಮಾಯವಾದ ಫೋನುಗಳ ಮುಂಗರೆ ನಿಲ್ಲಿಸುವ ಉಪಾಯವನ್ನೂ ಅವಳು ಸೇರಿಸಿದ್ದಳು. ಆದರೆ ಘಟ್ಟದಲ್ಲಿ ಅಡಿವೆಪ್ಪ ಮಾಯವಾಗುವುದು ದಿನದ ವಾಡಿಕೆ, ಆಚೆ ಬದಿಯಲ್ಲಿ ಹಾಜರಿ ಹಾಕದಿರುವುದೂ ಈಗ ವಾಡಿಕೆಯೇ. ಜಾಲ ಅದನ್ನೂ ವಿಧೇಯವಾಗಿ ಕಲಿತುಬಿಟ್ಟಿತ್ತು. ಹಿಂದೆ ಫೋನು ಬಾರಿಸದಿದ್ದರೆ ಮನೆಯವರು ಹೆದರುತ್ತಿದ್ದರು, ಹೆದರಿ ಹುಡುಕುತ್ತಿದ್ದರು. ಆ ಹೆದರಿಕೆಯನ್ನೇ ಅವಳು ದಂಡದ ವೆಚ್ಚವೆಂದು ತೆಗೆದುಹಾಕಿದ್ದಳು.

ಇನಾಮದಾರರು ಬಂದು ಎಲ್ಲ ಕೇಳಿಸಿಕೊಂಡರು. ಲೆಕ್ಕದಲ್ಲಿ ತಪ್ಪಿಲ್ಲವಲ್ಲ ಎಂದರು. ಇಲ್ಲ ಎಂದಳು ಪ್ರಭಾವತಿ. ಹಾಗಾದರೆ ತಪ್ಪು ಎಲ್ಲಿದೆ ಎಂದು ಕೇಳಿದರು. ಇಬ್ಬರೂ ಹಸಿರು ಪರದೆಯನ್ನು ನೋಡುತ್ತ ನಿಂತರು.

ಯಲ್ಲಾಪುರದಾಚೆಯ ಟವರ್ ಮತ್ತು ಘಟ್ಟದ ಕೆಳಗಿನ ಟವರ್, ಇವೆರಡರ ನಡುವೆ ಎಲ್ಲೋ ಇದ್ದಾನೆ ಎಂದು ಪ್ರಭಾವತಿ ಗಂಡನಿಗೆ ಫೋನಿನಲ್ಲಿ ಹೇಳಿದಳು. ಅವನು ಆಗಲೇ ಇಬ್ಬರು ಡ್ರೈವರುಗಳನ್ನು ಕರೆದುಕೊಂಡು ಜೀಪಿನಲ್ಲಿ ಕಲಘಟಗಿ ದಾಟಿದ್ದ. ಘಟ್ಟದ ತಲೆಯಲ್ಲಿ ಲಾರಿಯವರು ಚಹಾಕ್ಕೆ ನಿಲ್ಲುವ ಹೋಟೆಲಿಗೂ ಫೋನು ಹಚ್ಚಿ ಹೇಳಿದ್ದ. ಅಲ್ಲಿ ನಿಂತಿದ್ದ ಗಾಡಿಗಳೆಲ್ಲ ನಿಧಾನ ಇಳಿಯುತ್ತ ಒಂದೊಂದು ತಿರುವಿನಲ್ಲೂ ಬಗ್ಗಿ ನೋಡತೊಡಗಿದವು.

ಆಗ ಪ್ರಭಾವತಿಯ ಫೋನು ಬಾರಿಸಿತು. ನೀಲವ್ವ.

"ಪ್ರಭಾ, ಮತ್ತ ಬಾರಿಸಾಕತ್ತಿತ್ತು. ಒಂದ ರಿಂಗ್. ಮರಳಿ ಘಟ್ಟ ಹತ್ತಿದ ಅನ್ನೂ ರಿಂಗ್ ಅದು. ನಾ ಎತ್ತಲಿಲ್ಲ. ಎತ್ತಬೇಕಿತ್ತೇನು?"

ಪ್ರಭಾವತಿಗೆ ಅದರ ಹುಟ್ಟು, ಜಾತಕ ಎಲ್ಲ ಗೊತ್ತಿತ್ತು. ಅದು ಸುಳ್ಳು ರಿಂಗ್, ನಿನ್ನ ಫೋನೇ ತನಗೆ ತಾನೇ ಹೇಳಿಕೊಂಡ ಮಾತು ಎಂದು ಹೇಳಬೇಕಿತ್ತು. ಆದರೆ ನಾಚಿಕೆಯ ಸಂಗತಿಯೆಂದರೆ, ಒಂದು ಗಳಿಗೆ ಅವಳಿಗೂ ಆಸೆಯಾಯಿತು. ಯಾರಿಗೆ ಗೊತ್ತು, ಈ ಸಲ ಅವನೇ ಬಾರಿಸಿದ್ದರೆ? ಅವಳು ರಫೀಕನ ಕಡೆ ನೋಡಿದಳು. ರಫೀಕ ಪರದೆ ನೋಡಿ ತಲೆಯಲ್ಲಾಡಿಸಿದ.

"ಅದು ಅವನಲ್ಲ, ಅತ್ತಿ," ಎಂದಳು.

"ಮತ್ತ ಅವನ ಹೆಸರ ಬರ್ತೈತಲ್ಲವ್ವ," ಎಂದಳು ನೀಲವ್ವ.

ಸೂರ್ಯ ಮುಳುಗುವುದರೊಳಗೆ ಗುರುಪಾದನಿಂದ ಸುದ್ದಿ ಬಂತು. ಒಂದು ತಿರುವಿನಲ್ಲಿ ಅಂಚಿನ ಕಲ್ಲುಗಳು ಕಿತ್ತಿದ್ದವು. ಕೆಳಗೆ ಮರಗಳ ನಡುವೆ ಲಾರಿ ಮಗ್ಗುಲಾಗಿ ಬಿದ್ದಿತ್ತು. ಸಿಮೆಂಟು ಚೀಲ ಒಡೆದು ಎಲೆಗಳೆಲ್ಲ ಬೂದಿ ಬಳಿದಂತಾಗಿದ್ದವು. ಅಡಿವೆಪ್ಪನ ಕಾಲು ಕ್ಯಾಬಿನ್ನಿನ ಒಳಗೆ ಸಿಕ್ಕಿಕೊಂಡಿತ್ತು. ಜೀವ ಇತ್ತು. ಡ್ರೈವರುಗಳು ಜಾಕ್ ಹಚ್ಚಿ ಅವನನ್ನು ಬಿಡಿಸಿ, ಮಾಲಿಗೆ ಹೊದಿಸುವ ತಾಡಪತ್ರಿಯಲ್ಲಿ ಮಲಗಿಸಿಕೊಂಡು ಮೇಲೆ ತಂದರು. ಪ್ರಭಾವತಿ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತು ಎಲ್ಲರೆದುರು ಅತ್ತಳು. ಸಾಹೇಬರು ಒಂದು ಲೋಟ ನೀರು ತಂದು ಅವಳ ಮುಂದಿಟ್ಟು ಹೊರಗೆ ಹೋದರು.

ಕತೆ ಇಲ್ಲಿಗೆ ಮುಗಿದಿದ್ದರೆ ಪ್ರಭಾವತಿಯ ತಲೆ ಇಷ್ಟು ಕೆಡುತ್ತಿರಲಿಲ್ಲ. ತನ್ನ ಉಪಾಯ ಒಂದು ಜೀವ ತೆಗೆಯುತ್ತಿತ್ತು, ಅದನ್ನು ನಿಲ್ಲಿಸಬೇಕು, ಅಷ್ಟೇ. ಆದರೆ ಆಸ್ಪತ್ರೆಯಲ್ಲಿ ಕಾಲಿಗೆ ಸಲಾಕೆ ಹಾಕಿಸಿಕೊಂಡು ಮಲಗಿದ್ದ ಅಡಿವೆಪ್ಪ, ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ, ಅವಳನ್ನೇ ಒಂದು ಸಂಗತಿ ಕೇಳಿದ.

ಎದುರಿಗೆ ಅಡ್ಡಾದಿಡ್ಡಿ ಬಂದ ಬಸ್ಸನ್ನು ತಪ್ಪಿಸಲು ಹೋಗಿ ಅವನು ಬಿದ್ದಿದ್ದ. ಎಚ್ಚರವಾದಾಗ ಹಾರ್ನ್ ಇನ್ನೂ ಕೆಲಸ ಮಾಡುತ್ತಿತ್ತು. ಮೇಲೆ ಗಾಡಿ ಓಡಾಡುವ ಸದ್ದು ಕೇಳಿದಾಗಲೆಲ್ಲ ಅವನು ಹಾರ್ನ್ ಒತ್ತಿದ. ಫೋನು ಕೈಗೆ ಸಿಕ್ಕಿತು. ಸಿಗ್ನಲ್ ಇರಲಿಲ್ಲ, ಆದರೂ ಮನೆಗೆ ಹಚ್ಚಿ ಹಚ್ಚಿ ನೋಡಿದ. ಸ್ವಲ್ಪ ಹೊತ್ತಿಗೆ ಅವ್ವನ ರಿಂಗ್ ಬಂತು.

"ವೈನಿ, ಆ ತಗ್ಗಿನ್ಯಾಗ ಒಂದು ಕಡ್ಡೀನೂ ಸಿಗ್ನಲ್ ಇರಲಿಲ್ಲ. ಆದ್ರೂ ಅವ್ವನ ರಿಂಗ್ ಬಂತು. ಅಂದ್ರ ನಂದೂ ಮುಟ್ಟೈತಿ, ಮನ್ಯಾಗ ಗೊತ್ತಾಗೈತಿ, ಬರ್ತಾರ ಅಂದ್ಕೊಂಡೆ. ಹಾರ್ನ್ ಹೊಡೆಯೂದು ಬಿಟ್ಟೆ. ಕಣ್ಣು ಮುಚ್ಚಿ ಸುಮ್ನ ಕಾಯ್ಕೊಂತ ಕುಂತೆ. ಇಲ್ಲಂದ್ರ ಆ ನೋವಿಗೆ ಅಲ್ಲೇ ಜೀವಾ ಬಿಡ್ತಿದ್ದೆ. ಆ ರಿಂಗ ಹ್ಯಾಂಗ ಬಂತು?"

ಅವನ ಫೋನು, ಯಾವ ಟವರನ್ನೂ ಕೇಳದೆ, ಉಂಡ ಹೊತ್ತಿನ ಅವ್ವನ ರಿಂಗನ್ನು ತಾನೇ ಬಾರಿಸಿಕೊಂಡಿತ್ತು. ಹಾರ್ನ್ ಹೊಡೆಯುತ್ತಲೇ ಇದ್ದಿದ್ದರೆ ಯಾರಾದರೂ ಕೇಳಿ ಅವನನ್ನು ಮಧ್ಯಾಹ್ನವೇ ಮೇಲೆತ್ತುತ್ತಿದ್ದರೇನೋ. ಆ ರಿಂಗ್ ಬಾರದೆ ಇದ್ದಿದ್ದರೆ ಇವನು ಸಂಜೆಯವರೆಗೆ ಉಳಿಯುತ್ತಿರಲಿಲ್ಲವೇನೋ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಯಾವ ಲೆಕ್ಕವೂ ಕೂಡುತ್ತಿರಲಿಲ್ಲ. ಅವಳು ನಿಧಾನವಾಗಿ, ಆದಷ್ಟು ಸರಳವಾಗಿ, ಮುಂಗರೆ ಎಂದರೇನೆಂದು ಹೇಳಿದಳು. ಆ ರಿಂಗನ್ನು ಯಾರೂ ಮಾಡಿರಲಿಲ್ಲ ಎಂದೂ ಹೇಳಿದಳು.

ಅಡಿವೆಪ್ಪ ಸಿಟ್ಟಾಗಲಿಲ್ಲ. ಅವನು ನಂಬಲಿಲ್ಲ. "ಇಲ್ರಿ ವೈನಿ. ಅವ್ವನ ರಿಂಗ ನನಗ ಗೊತ್ತಾಗೂದಿಲ್ಲೇನು?" ಎಂದು ಮಂಚದ ಪಕ್ಕ ಕೂತಿದ್ದ ತಾಯಿಯ ಕಡೆ ತಿರುಗಿದ.

ನೀಲವ್ವ ಮೋಸಂಬಿ ಸುಲಿಯುತ್ತಿದ್ದಳು. ಅವಳು ಸೊಸೆಯ ಮುಖ ನೋಡಿದಳು. ನೀಲವ್ವ ಆ ದಿನ ರಿಂಗ್ ಕೊಟ್ಟಿದ್ದು ನಿಜ, ಅದು ಎಲ್ಲೂ ಹೋಗದೆ ಅವಳ ಫೋನಿನಲ್ಲೇ ಉಳಿದಿದ್ದೂ ನಿಜ. ಮುದುಕಿಗೆ ಈಗ ಇದೆಲ್ಲ ಅರ್ಥವಾಗಿತ್ತೋ ಇಲ್ಲವೋ ಪ್ರಭಾವತಿಗೆ ಇಂದಿಗೂ ತಿಳಿದಿಲ್ಲ.

"ಹೂಂ, ನಾನ ಮಾಡಿದ್ದೆ," ಎಂದು ನೀಲವ್ವ ಮಗನ ಬಾಯಿಗೆ ಒಂದು ತೊಳೆ ಇಟ್ಟಳು.

ಕಂಪನಿಯಲ್ಲಿ ಈ ಸಂಗತಿ ಬೇರೆಯದೇ ಬಣ್ಣ ತಾಳಿತು. ಸಿಗ್ನಲ್ಲಿಲ್ಲದ ಕಣಿವೆಯಲ್ಲಿ ತಾಯಿಯ ರಿಂಗ್ ಮಗನ ಜೀವ ಉಳಿಸಿತು ಎಂದು ಜಾಹೀರಾತು ಮಾಡಿದರೆ ಹೇಗೆ ಎಂದು ಮೇಲಿನವರು ಕೇಳಿದರು. ಇನಾಮದಾರರಿಗೂ ಆ ಮಾತು ಅರ್ಧ ಹಿಡಿಸಿತ್ತು, ಅರ್ಧ ಹಿಡಿಸಿರಲಿಲ್ಲ. ಪ್ರಭಾವತಿಯನ್ನು ಕರೆದು ಅವಳ ಅಭಿಪ್ರಾಯ ಕೇಳಿದರು. ಅವಳು ತನಗೆ ಈ ವಿಷಯದಲ್ಲಿ ಏನೂ ತಿಳಿಯದಾಗಿದೆ ಎಂದು ಒಪ್ಪಿಕೊಂಡಳು. ಆದರೆ ಸುಮ್ಮನಿರುವವನನ್ನು ಸುಖವಾಗಿದ್ದಾನೆ ಎನ್ನುವ ಯಂತ್ರವನ್ನು ನನ್ನ ಕೈಯಿಂದ ನಡೆಸಲಾರೆ, ಬೇಕಾದರೆ ನನ್ನನ್ನು ತೆಗೆದುಹಾಕಿ ಎಂದಳು. ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ, "ಬಂದ್ ಮಾಡ್ರಿ, ಮೇಲಿನವರಿಗೆ ನಾ ಹೇಳ್ತೀನಿ," ಎಂದರು. ಸಂಜೆಯ ಪರದೆ ಮತ್ತೆ ಕೆಂಪಾಗತೊಡಗಿತು. ಅವರು ಅದಕ್ಕೆ ಬೆನ್ನು ಮಾಡಿ ಕೂರುವುದನ್ನು ರೂಢಿ ಮಾಡಿಕೊಂಡರು.

ಅಡಿವೆಪ್ಪನ ಕಾಲು ಕೂಡಿಕೊಳ್ಳಲು ತಿಂಗಳುಗಳೇ ಹಿಡಿದವು. ನವಲಗುಂದದ ಸಂಬಂಧ ಮುರಿಯಿತು. ಕಾಲು ಗಟ್ಟಿಯಾದದ್ದೇ ತಡ, ಅವನು ಯಾರ ಮಾತೂ ಕೇಳದೆ ಮತ್ತೆ ಸ್ಟೇರಿಂಗ್ ಹಿಡಿದ. ಮೊದಲ ಟ್ರಿಪ್ ಒಂದು ರವಿವಾರ ಬಿತ್ತು. ಮಧ್ಯಾಹ್ನ ನೀಲವ್ವ ರೊಟ್ಟಿ, ಝುಣಕ ಮುಂದಿಟ್ಟುಕೊಂಡು ಕೂತಳು. ಪ್ರಭಾವತಿಯೂ ಎದುರು ತಾಟು ಹಾಕಿಕೊಂಡು ಕೂತಳು. ಗುರುಪಾದ ಅಂಗಡಿಗೆ ಹೋಗಿದ್ದ.

ಊಟದ ಹೊತ್ತಿಗೆ ಫೋನು ಒಂದು ಸಲ ಬಾರಿಸಿ ನಿಂತಿತು.

ನೀಲವ್ವ ಕೈ ಚಾಚಲಿಲ್ಲ. "ಇದು ಅವನ ಏನು?" ಎಂದು ಕೇಳಿದಳು.

"ಅವನ, ಅತ್ತಿ. ಆ ಮುಂಗರಿ ಬಂದ್ ಮಾಡೇವಲ್ಲ."

"ಬಂದ್ ಮಾಡೀರಿ ಅನ್ನೂದು ಅದಕ್ಕ ಗೊತ್ತೈತೇನು?"

ಪ್ರಭಾವತಿ ತನ್ನ ಕೈಯಾರೆ ನಿಲ್ಲಿಸಿದ್ದಳು. ಆದರೂ ರೊಟ್ಟಿ ಮುರಿಯಲು ಅವಳ ಕೈಯೂ ಏಳಲಿಲ್ಲ.

ನೀಲವ್ವ ಫೋನು ಎತ್ತಿಕೊಂಡು ಮಗನಿಗೆ ಹಚ್ಚಿದಳು. ಒಂದು ರಿಂಗ್ ಆಯಿತು, ಅವಳು ಕಟ್ ಮಾಡಲಿಲ್ಲ. ಎರಡಾಯಿತು, ಮೂರಾಯಿತು. ಆ ಕಡೆ ಎತ್ತುವವರಿಲ್ಲ. ಎತ್ತುವುದಾದರೂ ಹೇಗೆ? ಅವ್ವನ ರಿಂಗ್ ಎಂದರೆ ಎತ್ತಬಾರದ್ದು, ಹುಟ್ಟಿದಾಗಿನಿಂದ ಬಂದ ಪಾಠ. ಫೋನು ಬಾರಿಸುತ್ತಲೇ ಹೋಯಿತು. ನೀಲವ್ವನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಪ್ರಭಾವತಿ ತನ್ನ ದೇವರನ್ನೆಲ್ಲ ನೆನೆಸಿಕೊಂಡಳು. ಆಮೇಲೆ ಬಾರಿಸುವುದು ನಿಂತು, ಗಾಳಿಯ ಸದ್ದು, ದೂರದಲ್ಲೊಂದು ಬಸ್ಸಿನ ಹಾರ್ನ್, ಯಾರೋ ಎಳನೀರಿಗೆ ಚೌಕಾಸಿ ಮಾಡುವುದು ಎಲ್ಲ ಒಟ್ಟಿಗೆ ಕೇಳಿದವು.

"ಯಾಕವ್ವಾ, ಗಾಡಿ ಸೈಡಿಗೆ ಹಾಕೀನಿ," ಎಂದ ಅಡಿವೆಪ್ಪ. "ಇನ್ನೂ ಉಂಡಿಲ್ಲೇನು?"

ನೀಲವ್ವ ಫೋನನ್ನು ಕಟ್ ಮಾಡದೆ ತಾಟಿನ ಪಕ್ಕ ಇಟ್ಟುಕೊಂಡಳು. ರೊಟ್ಟಿ ಮುರಿದು ಝುಣಕಕ್ಕೆ ಹಚ್ಚಿ ಬಾಯಿಗಿಟ್ಟಳು. ಆ ಕಡೆ ಅವನೂ ಕಟ್ ಮಾಡಲಿಲ್ಲ. ಕರೆ ಊಟ ಮುಗಿಯುವವರೆಗೂ ನಡೆಯಿತು, ಅದರಲ್ಲಿ ಯಾರೂ ಏನೂ ಮಾತಾಡಲಿಲ್ಲ.